ಮಾಳಿಗೆಯ ಮೇಲಿನ ಕ್ಯಾಮೆರಾ

ರಾತ್ರಿ ಒಂಬತ್ತಕ್ಕೆ ಯಾರೋ ಬಾಗಿಲು ಬಡಿದರು. ಮೂರು ಸಲ. ಹೆಸರು ಹಿಡಿದು ಕೂಗಲಿಲ್ಲ.

ನಿಜಲಿಂಗಪ್ಪ ಮಾಳಿಗೆಯ ಮೆಟ್ಟಿಲ ಮೇಲೇ ಕಲ್ಲಾದ. ಮೇಲೆ, ಒಣಹಾಕಿದ ಮೆಣಸಿನಕಾಯಿಗಳ ನಡುವೆ ಇಟ್ಟಿದ್ದ ಪುಟ್ಟ ಕ್ಯಾಮೆರಾ ಬ್ಯಾಡಗಿಯ ಹೊನಲುಬೆಳಕಿನ ಕಬಡ್ಡಿಯನ್ನು ಅಂತರ್ಜಾಲದಲ್ಲಿ ಜಗತ್ತಿಗೆಲ್ಲ ತೋರಿಸುತ್ತಿತ್ತು. ಗುತ್ತಲದ ತಂಡದ ಆಟ ನೋಡಲೇಬೇಕೆಂದು ಮಸ್ಕತ್ತಿನಲ್ಲಿದ್ದ ಅಕ್ಕ ನಾಗರತ್ನಾ ಹಟ ಹಿಡಿದಿದ್ದಳು. ಅವಳೊಬ್ಬಳಿಗೆಂದು ತೆರೆದ ಕಿಂಡಿಯಲ್ಲಿ ಈಗ ಮುನ್ನೂರು ಜನ ಇಣುಕುತ್ತಿದ್ದರು. ಆದರೆ 2009ರ ಈ ಪಂದ್ಯಾವಳಿಯ ಚಿತ್ರೀಕರಣದ ಹಕ್ಕನ್ನು ಪೂರ್ತಿ ಕೊಂಡವನು ರಾಣೆಬೆನ್ನೂರಿನ ಸಿ.ಡಿ. ಅಂಗಡಿಯ ಶಾಕೀರ. ಮಾರಿದವರು ಸಮಿತಿಯ ಅಧ್ಯಕ್ಷ ಗುಡದಪ್ಪನವರು. ನಿಜಲಿಂಗಪ್ಪನ ನೆಟ್ ಸೆಂಟರ್ ಇದ್ದದ್ದು ಅವರದೇ ಮಳಿಗೆಯಲ್ಲಿ.

ಬಾಗಿಲು ತೆರೆದರೆ ಇಬ್ಬರೂ ನಿಂತಿದ್ದರು.

"ಲಗೂ ಬಾರೋ ತಮ್ಮಾ," ಎಂದರು ಗುಡದಪ್ಪ. "ಯಾವನೋ ನಮ್ಮ ಆಟ ಕಂಪ್ಯೂಟರ್‌ನ್ಯಾಗ ಬಿಟ್ಟಾನಂತ. ಕುವೈತಿನಿಂದ ಫೋನ್ ಬಂದೈತಿ. ನಿನ್ನ ಬಿಟ್ರ ಊರಾಗ ಯಾರಿಗೆ ತಿಳೀತದ? ಹುಡುಕಿ ಕೊಡು. ಅಂವ ಯಾರ ಆಗ್ಲಿ, ನಾಳೆಯಿಂದ ಈ ಊರಾಗ ಅಂಗಡಿ ತಗೀಬಾರದು."

ನಿಜಲಿಂಗಪ್ಪ ಜೇಬಿನೊಳಗೇ ಮೊಬೈಲು ಬಂದ್ ಮಾಡಿದ. ಅಕ್ಕ ಈಗ ಫೋನ್ ಮಾಡಿದರೆ ಅಲ್ಲಿಗೆ ಮುಗಿಯಿತು.

ಮೈದಾನದೆದುರಿನ ನೆಟ್ ಸೆಂಟರಿನಲ್ಲಿ ಪರದೆ ಬೆಳಗಿತು. ಹೊರಗೆ ಮೈಕಿನವನು ಎಂದಿನಂತೆ ಕೈಗೆ ಬಂದ ಚೀಟಿಗಳನ್ನೆಲ್ಲ ಓದುತ್ತಿದ್ದ: "ಕರ್ಜಗಿಯ ದುರುಗೇಶ ಅವರೇ, ನಿಮ್ಮ ಗಾಡಿಯ ಚಾವಿ ಸಮಿತಿಯ ಬಳಿ ಇದೆ."

ಶಾಕೀರ ಪರದೆಗೆ ಮೂಗು ತಾಗಿಸಿದ. "ಎಷ್ಟ ಸ್ವಚ್ಛ ಕಾಣಾಕತ್ತೈತಿ ನೋಡ್ರಿ. ಬ್ಯಾನರಿನ ಮ್ಯಾಲಿನ ಕಮಿಟಿ ನಂಬರ್ ಸೈತ ಓದಾಕ ಬರ್ತೈತಿ. ಯಾವುದೋ ಮಾಳಿಗಿ ಮ್ಯಾಲಿಂದ ತಗದಾನ. ಮೂಲ್ಯಾಗ ಮೆಣಸಿನಕಾಯಿ ಅದಾವ."

"ಬ್ಯಾಡಗ್ಯಾಗ ಯಾರ ಮಾಳಿಗಿ ಮ್ಯಾಲ ಮೆಣಸಿನಕಾಯಿ ಇಲ್ಲಪಾ?" ಎಂದು ನಿಜಲಿಂಗಪ್ಪ ನಕ್ಕ. ಆ ನಗು ನೆನೆದ ಹಪ್ಪಳದಂತೆ ಮೆತ್ತಗಿತ್ತು.

"ಹಂಗಾರ ಮೈದಾನದ ಸುತ್ತಲಿನ ಮಾಳಿಗಿ ಒಂದೊಂದ ಹತ್ತೂಣು. ಏಳೋ ಎಂಟೋ ಅದಾವ," ಎಂದ ಶಾಕೀರ.

ಅಷ್ಟರಲ್ಲಿ ಹಸಿರು ಬಳೆಯ ಕೈಯೊಂದು ಪರದೆಯೊಳಗೆ ಬಂತು. ಅದು ನಿಜಲಿಂಗಪ್ಪನ ಅವ್ವ ಪ್ರೇಮವ್ವನ ಕೈ. ಇಬ್ಬನಿ ತಾಗದಂತೆ ಕೈ ಮೆಣಸಿನಕಾಯಿಯ ಮೇಲೆ ಗೋಣಿತಟ್ಟು ಹರಡಿತು. ಇನ್ನೊಂದು ತಟ್ಟು ಬಂತು. ಪರದೆ ಕಪ್ಪಾಯಿತು.

"ಹೆಣ್ಣಮಕ್ಕಳು ಓಡಾಡೂ ಜಾಗಾ," ಎಂದು ಗುಡದಪ್ಪ ಹಿಂಜರಿದರು. "ರಾತ್ರ್ಯಾಗ ಮಂದಿ ಮಾಳಿಗಿ ಹತ್ತಿದ್ರ ಛಲೋ ಕಾಣಂಗಿಲ್ಲ, ಶಾಕೀರ. ಹೆಂಗೂ ಬಂದ್ ಆತಲ್ಲ, ಬಿಡು."

ನಿಜಲಿಂಗಪ್ಪ ಚಹಾ ತರಿಸಿದ. ಗುಡದಪ್ಪ ಅವನ ಬೆನ್ನು ಚಪ್ಪರಿಸಿದರು. "ನಿನ್ನಂಥ ಬಾಡಿಗಿದಾರ ಸಿಗಾಕ ಪುಣ್ಯಾ ಮಾಡಿರಬೇಕೋ."

ಮೈದಾನದಲ್ಲಿ ಗುತ್ತಲದ ಕೊನೆಯ ದಾಳಿಗೆ ಕೇಕೆ ಎದ್ದಿತು. ಮೈಕಿನವನು ಮತ್ತೊಂದು ಚೀಟಿ ಬಿಡಿಸಿದ.

"ಮಸ್ಕತ್ತಿನಿಂದ ನಾಗರತ್ನಾ ಅವರು ಸಮಿತಿಗೆ ಫೋನ್ ಮಾಡಿದ್ದಾರೆ. ಅವರ ತಮ್ಮನ ಮೊಬೈಲು ಹತ್ತುತ್ತಿಲ್ಲವಂತೆ. ತಮ್ಮನವರು ಎಲ್ಲಿದ್ದರೂ ಕೂಡಲೇ ಮನೆಗೆ ಹೋಗಿ, ಮಾಳಿಗೆಯ ಕ್ಯಾಮೆರಾದ ಮೇಲೆ ಬಿದ್ದ ಗೋಣಿತಟ್ಟು ತೆಗೆಯಬೇಕು."

ಗುಡದಪ್ಪನವರ ಕೈ ಬೆನ್ನ ಮೇಲೇ ನಿಂತಿತು. ಶಾಕೀರ ಚಹಾದ ಬಸಿ ಕೆಳಗಿಟ್ಟ.

ಮೈಕಿನವನು ಚೀಟಿ ಮಗುಚಿ ಉಳಿದದ್ದನ್ನೂ ಓದಿದ:

"ತಮ್ಮನ ಹೆಸರು ನಿಜಲಿಂಗಪ್ಪ, ನೆಟ್ ಸೆಂಟರ್."