ಮಧುವನಹಳ್ಳಿಯಲ್ಲಿ ಹತ್ತುತ್ತಿದ್ದವರು

ನನಗೆ ಮಾತಾಡಲು ಯಾರೂ ಇಲ್ಲ ಎಂಬುದು ನನ್ನ ಬಹುಕಾಲದ ಕೊರಗು. ಈ ಕೊರಗನ್ನು ನಾನು ಆಫೀಸಿನಲ್ಲಿ, ಕ್ಷೌರದಂಗಡಿಯಲ್ಲಿ, ರೇಷನ್ ಸಾಲಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಹೀಗೆ ಸಿಕ್ಕವರಿಗೆಲ್ಲ ವಿವರವಾಗಿ ಹೇಳಿಕೊಂಡಿದ್ದೇನೆ. ಮನೆಯಲ್ಲಿ ಹೆಂಡತಿ ಇದ್ದಾಳೆ, ಪಿಯುಸಿ ಓದುವ ಮಗಳಿದ್ದಾಳೆ. ಆದರೆ ನಾನು ಬಾಯಿ ತೆರೆದ ಕೂಡಲೇ ಹೆಂಡತಿಗೆ ಒಲೆಯ ಮೇಲಿನ ಹಾಲು ನೆನಪಾಗುತ್ತದೆ, ಮಗಳಿಗೆ ಮರುದಿನದ ಟೆಸ್ಟು ನೆನಪಾಗುತ್ತದೆ. ಟೆಸ್ಟು ದಿನಾ ಇರುವುದಿಲ್ಲ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು.

ಹೆಂಡತಿ ಒಮ್ಮೆ, "ಯಾವುದಾದ್ರೂ ಹವ್ಯಾಸ ಇಟ್ಕೊಳ್ಳಿ, ಮನಸ್ಸಿಗೆ ಒಳ್ಳೇದು" ಎಂದಳು. ಯಾರ ಮನಸ್ಸಿಗೆ ಎಂದು ನಾನು ಕೇಳಲಿಲ್ಲ. ತಾರಸಿಯ ಮೇಲೆ ಟೊಮೊಟೊ ಹಾಕಿದೆ. ಮಂಗಗಳಿಗೆ ಅದು ಬಹಳ ಹಿಡಿಸಿತು. ಕೆರೆ ಏರಿಯ ಮೇಲೆ ವಾಕಿಂಗ್ ಶುರುಮಾಡಿದೆ. ಎದುರಿಗೆ ಬಂದವರೆಲ್ಲ, "ಏನ್ ಸಾ, ಸುಗರ್ ಬಂತಾ?" ಎಂದು ಕೇಳತೊಡಗಿದರು. ಇಲ್ಲವೆಂದರೆ ನಂಬುತ್ತಿರಲಿಲ್ಲ. ಮೂರನೇ ವಾರದಲ್ಲಿ ನನಗೇ ಅನುಮಾನ ಬಂದು ರಕ್ತ ಪರೀಕ್ಷೆ ಮಾಡಿಸಿದೆ. ಏನೂ ಇರಲಿಲ್ಲ. ವಾಕಿಂಗ್ ಬಿಟ್ಟೆ.

ಇಷ್ಟರ ನಡುವೆ ನನ್ನನ್ನು ಉಳಿಸಿದ್ದು ಹನೂರಿನ ಬಸ್ಸು. ನನ್ನ ಹುಟ್ಟೂರು ಯಳಂದೂರಿನ ಹತ್ತಿರದ ಅಗರ, ಮನೆ ಕೊಳ್ಳೇಗಾಲದಲ್ಲಿ, ಕೆಲಸ ಹನೂರಿನ ಒಂದು ಸರ್ಕಾರಿ ಆಫೀಸಿನಲ್ಲಿ. ಬೆಳಿಗ್ಗೆ ಬಸ್ಸು ಹತ್ತಿ, ಎಡಗಡೆಯ ನಾಲ್ಕನೇ ಸೀಟಿನಲ್ಲಿ ಕೂತು, ಪಕ್ಕದಲ್ಲಿ ಟವೆಲ್ ಹಾಸುತ್ತಿದ್ದೆ. ಮಧುವನಹಳ್ಳಿಯಲ್ಲಿ ಒಬ್ಬರು ಹತ್ತಿ, ಟವೆಲ್ ಮಡಿಸಿ ನನ್ನ ಕೈಗೆ ಕೊಟ್ಟು ಕೂರುತ್ತಿದ್ದರು. ನಾನು "ಬನ್ನಿ ಯಜಮಾನ್ರೆ" ಎನ್ನುತ್ತಿದ್ದೆ, ಅವರು "ಊಂ ಸಾ" ಎನ್ನುತ್ತಿದ್ದರು. ಅಲ್ಲಿಂದ ಹನೂರಿನವರೆಗೆ ನಾನು ಮಾತಾಡುತ್ತಿದ್ದೆ. ಆರು ವರ್ಷ ಹೀಗೆ ನಡೆಯಿತು. ನನ್ನ ಬಾಮೈದನ ಹರ್ನಿಯಾ ಆಪರೇಷನ್ನು, ಆಫೀಸಿನಲ್ಲಿ ನನಗೆ ತಪ್ಪಿದ ಬಡ್ತಿ, ಅಗರದಲ್ಲಿ ಅಣ್ಣನ ಎಮ್ಮೆ ಬಾವಿಗೆ ಬಿದ್ದದ್ದು, ಅದನ್ನು ಎತ್ತಲು ಹೋದ ಅಣ್ಣನೂ ಬಿದ್ದದ್ದು, ಎಲ್ಲವನ್ನೂ ಅವರು ಕೇಳಿದ್ದರು. ನಡುನಡುವೆ "ಔದಾ ಸಾ?" ಎನ್ನುತ್ತಿದ್ದರು, ಅಷ್ಟೆ. ಅಂಥ ಮಿತಭಾಷಿಯನ್ನು ನಾನು ಬೇರೆ ಕಂಡಿಲ್ಲ.

ಒಂದು ಸೋಮವಾರ ಅವರು ಹತ್ತಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಕಾಮಗೆರೆಗೆ ಹೋಗುವ ಹೆಂಗಸೊಬ್ಬರು ಹಲಸಿನ ಹಣ್ಣನ್ನು ಸೊಂಟದ ಮೇಲಿಟ್ಟುಕೊಂಡು ಬಂದು, "ಟವಲ್ ತೆಗೀರಿ, ಕೂತ್ಕತೀನಿ" ಎಂದರು.

"ಒಬ್ಬರು ಬರ್ತಾರೆ."

"ಯಾರ್ ಬತ್ತಾರೆ? ಎಸ್ರೇನು?"

ನಾನು ಬಾಯಿ ತೆರೆದೆ. ಹೆಸರು ಬರಲಿಲ್ಲ. ಮರೆತಿದ್ದರೆ ತಾನೇ ನೆನಪಾಗುವುದು? ನನಗೆ ಅವರ ಹೆಸರು ಗೊತ್ತೇ ಇರಲಿಲ್ಲ.

"ಎಸ್ರೇ ಗೊತ್ತಿಲ್ದೋರ್ಗೆ ಸೀಟ್ ಇಡ್ಕಂಡವ್ರೆ ನೋಡವ್ವ" ಎಂದು ಆಕೆ ಇಡೀ ಬಸ್ಸಿಗೆ ಕೇಳುವಂತೆ ಹೇಳಿ, ಕೂತು, ಹಲಸಿನ ಹಣ್ಣನ್ನು ಅರ್ಧ ತಮ್ಮ ತೊಡೆಯ ಮೇಲೂ ಅರ್ಧ ನನ್ನ ತೊಡೆಯ ಮೇಲೂ ಇಟ್ಟುಕೊಂಡರು. ಅದರ ಮುಳ್ಳು ಚುಚ್ಚುತ್ತಿದ್ದರೂ ನನಗೆ ಬೇರೆಯದೇ ಯೋಚನೆ. ಆ ಮನುಷ್ಯರಿಗೆ ಏನಾದರೂ ಆಗಿಹೋಗಿದ್ದರೆ? ಆಗಿದ್ದರೂ ನನಗೆ ತಿಳಿಸುವವರು ಯಾರು? ಕಂಡಕ್ಟರನ್ನು ಕೇಳಿದೆ. "ಪಾಸಿನೋರ್ನೆಲ್ಲ ಎಲ್ಲಿ ನೆಪ್ಪಿಟ್ಕಳನ ಸಾ" ಎಂದ.

ಶನಿವಾರ ಸಂಜೆ ಹೆಂಡತಿಗೆ ವಿಷಯ ಹೇಳಿದೆ. ಅವಳು ಹುರುಳಿಕಾಯಿ ಬಿಡಿಸುತ್ತ, ಅವರ ಮನೆ ಎಲ್ಲಿ, ಕೆಲಸವೇನು, ಹೆಂಡತಿ ಮಕ್ಕಳಿದ್ದಾರೋ ಇಲ್ಲವೋ ಎಂದು ಕೇಳಿದಳು. ಒಂದೂ ಗೊತ್ತಿಲ್ಲ ಎಂದೆ. ಅವಳು ಹುರುಳಿಕಾಯಿ ಕೆಳಗಿಟ್ಟಳು.

"ಮತ್ತೆ ಆರು ವರ್ಷ ಏನು ಮಾತಾಡಿದ್ರಿ?"

"ಎಲ್ಲಾನೂ ಮಾತಾಡಿದ್ದೀವಿ" ಎಂದೆ.

"ಮಾತಾಡಿದ್ದೀವಿ ಅನ್ಬೇಡಿ, ಮಾತಾಡಿದ್ದೀನಿ ಅನ್ನಿ" ಎಂದು ಅವಳು ಮತ್ತೆ ಹುರುಳಿಕಾಯಿ ಎತ್ತಿಕೊಂಡಳು.

ಭಾನುವಾರ ಬೆಳಿಗ್ಗೆ ಮಧುವನಹಳ್ಳಿಯಲ್ಲಿ ಇಳಿದು ಟೀ ಅಂಗಡಿಗೆ ಹೋದೆ. ಬೆಂಚಿನ ಮೇಲೆ ಮೂವರು ಕೂತಿದ್ದರು. ಅರವತ್ತರ ಆಸುಪಾಸು, ಸ್ವಲ್ಪ ಕುಳ್ಳು, ಕಿವಿಯ ಮೇಲೆ ಕೂದಲು, ನೀಲಿ ಚೀಲ, ಮಾತು ಬಹಳ ಕಡಿಮೆ, ಎಂದು ನನಗೆ ಗೊತ್ತಿದ್ದ ಗುರುತನ್ನೆಲ್ಲ ಹೇಳಿದೆ.

"ನೀಲಿ ಚೀಲ ಅಂದ್ರೆ ನಮ್ ಸಿದ್ದರಾಜು" ಎಂದ ಟೀ ಅಂಗಡಿಯವನು. "ಆದ್ರೆ ಮಾತ್ ಕಮ್ಮಿ ಅಂತೀರಲ್ಲ? ಅವ್ನು ಬಾಯ್ ಬುಟ್ರೆ ನಮ್ ಟೀ ಆರೋಯ್ತದೆ."

ಬೆಂಚಿನ ಮೇಲಿದ್ದ ಹಿರಿಯರೊಬ್ಬರು ನನ್ನನ್ನೇ ನೋಡುತ್ತಿದ್ದವರು, "ನೀವು ಕೊಳ್ಳೇಗಾಲದೋರಾ? ಹನೂರಲ್ಲಿ ಕ್ಲರ್ಕಾ?" ಎಂದರು. ಹೌದೆಂದೆ.

"ನಿಮ್ ಬಾಮೈದ್ನಿಗೆ ಹರ್ನಿಯಾ ತಿರ್ಗಾ ಬರ್ನಿಲ್ವಾ?"

ಇನ್ನೊಬ್ಬ ಮುಂದೆ ಬಾಗಿ, "ಎಮ್ಮೆ ಬಾವಿಗ್ ಬಿತ್ತಲ್ಲ, ಅದು ಆಮೇಲೆ ಗಬ್ಬ ಆಯ್ತಾ?" ಎಂದ. ವಿಷಯ ಇಷ್ಟು: ಸಿದ್ದರಾಜು ಆರು ವರ್ಷದಿಂದ ದಿನಾ ಸಂಜೆ ಬಸ್ಸಿಳಿದು ಇದೇ ಬೆಂಚಿನ ಮೇಲೆ ಕೂತು, ಬೆಳಿಗ್ಗೆ ನಾನು ಹೇಳಿದ್ದನ್ನೆಲ್ಲ ಇವರಿಗೆ ಹೇಳುತ್ತಿದ್ದರು. ನಮ್ಮ ಅಣ್ಣ ಬಾವಿಯೊಳಗಿಂದ ಕೂಗಿದ ಕೂಗನ್ನು ದನಿ ಸಮೇತ ಮಾಡಿ ತೋರಿಸುತ್ತಿದ್ದರಂತೆ. ಈಗ ಒಂದು ವಾರದಿಂದ ಹೊಸ ಸುದ್ದಿಯಿಲ್ಲದೆ ಬೆಂಚಿಗೆ ಬೇಜಾರು ಹಿಡಿದಿತ್ತು. ನನ್ನ ಬಡ್ತಿ ವಿಚಾರದಲ್ಲಿ ಅವರೆಲ್ಲ ನನ್ನ ಪರವಾಗಿದ್ದರು. ಟೀಗೆ ಕಾಸು ತೆಗೆದುಕೊಳ್ಳಲಿಲ್ಲ.

ಮೂವರೂ ಸೇರಿ ನನ್ನನ್ನು ಸಿದ್ದರಾಜು ಮನೆಗೆ ಕರೆದುಕೊಂಡು ಹೋದರು. ಅವರು ಜಗುಲಿಯ ಮೇಲೆ ಕೂತು ಮೊರದಲ್ಲಿ ಅವರೆಕಾಳು ಆರಿಸುತ್ತಿದ್ದರು. ಗುಂಡುಕಲ್ಲಿನಂತಿದ್ದರು. ನನ್ನನ್ನು ಕಂಡು ಮೊರ ಬದಿಗಿಟ್ಟು ಎದ್ದು ನಿಂತರು.

"ಏನ್ ಸಾ, ಇಷ್ಟು ದೂರ?"

"ಏನ್ರೀ ಇದು! ಒಂದು ವಾರದಿಂದ ಪತ್ತೆ ಇಲ್ಲ. ಒಂದು ಮಾತು ಹೇಳಿ ಹೋಗಬಾರದಾ?"

"ಯೋಳಿದ್ನಲ್ಲಾ ಸಾ" ಎಂದರು ಅವರು ಮೆಲ್ಲಗೆ. "ಕಡೇ ದಿನ ಯೋಳಿದ್ದೆ. ಶಾಲೇಲಿ ಅಟೆಂಡರ್ ಕೆಲ್ಸ ಮುಗೀತು, ರಿಟೇರ್ ಆದೆ ಅಂತ ಮೈಸೂರ್ ಪಾಕು ಕೊಟ್ನಲ್ಲ."

ನನಗೆ ಮೈಸೂರು ಪಾಕು ನೆನಪಾಯಿತು. ಅದನ್ನು ತಿಂದದ್ದೂ, ನಮ್ಮಮ್ಮ ಮೈಸೂರು ಪಾಕು ಮಾಡುವಾಗ ತುಪ್ಪ ಎಷ್ಟು ಹೊತ್ತು ಕಾಯಿಸುತ್ತಿದ್ದರು ಎಂದು ಕಾಮಗೆರೆಯಿಂದ ಹನೂರಿನವರೆಗೆ ವಿವರಿಸಿದ್ದೂ ನೆನಪಾಯಿತು. ಯಾಕೆ ಕೊಟ್ಟರು ಎಂಬುದು ಮಾತ್ರ ನೆನಪಾಗಲಿಲ್ಲ, ಏಕೆಂದರೆ ಅದು ನನ್ನ ಕಿವಿಯನ್ನೇ ಸೇರಿರಲಿಲ್ಲ.

ಸಿದ್ದರಾಜು ಅವರ ಹೆಂಡತಿ ನೀರು ತಂದುಕೊಟ್ಟರು. ತೆಳ್ಳಗಿನ ಹೆಂಗಸು, ಗೋಡೆ ಹಿಡಿದು ನಿಧಾನವಾಗಿ ನಡೆಯುತ್ತಿದ್ದರು. ಹುಷಾರಿಲ್ಲವೇ ಎಂದು ಕೇಳಿದೆ. ಸಿದ್ದರಾಜು ಮೊರವನ್ನು ಮತ್ತೆ ಹತ್ತಿರಕ್ಕೆಳೆದುಕೊಂಡು ಹೇಳಿದರು. ಎರಡು ವರ್ಷದ ಹಿಂದೆ ಆಕೆಯ ಹೊಟ್ಟೆಯಲ್ಲಿ ಗಡ್ಡೆ ಎಂದು ಮೈಸೂರಿನಲ್ಲಿ ದೊಡ್ಡ ಆಪರೇಷನ್ ಆಗಿತ್ತು. ನೋಡಿಕೊಳ್ಳಲು ಆಕೆಯ ತಂಗಿಯನ್ನು ಆಸ್ಪತ್ರೆಯಲ್ಲಿ ಬಿಟ್ಟು, ರಜೆ ಮುಗಿದಿದ್ದರಿಂದ ಇವರು ಇಪ್ಪತ್ತು ದಿನ ನನ್ನ ಪಕ್ಕದಲ್ಲೇ ಕೂತು ಕೆಲಸಕ್ಕೆ ಹೋಗಿದ್ದರು. ಬಾಮೈದನ ಹರ್ನಿಯಾವನ್ನು ನಾನು ಹಂತಹಂತವಾಗಿ ಬಣ್ಣಿಸಿದ್ದು ಆ ಇಪ್ಪತ್ತು ದಿನಗಳಲ್ಲೇ.

"ನನಗೆ ಒಂದು ಮಾತು ಹೇಳಬಾರದಿತ್ತೇ?" ಎಂದೆ.

"ಯೋಳಾಣ ಅಂತ ಒಂದೆರಡ್ ದಪ ಅನ್ಕಂಡೆ. ಆದ್ರೆ ಬ್ಯಾಡ ಅನ್ನುಸ್ತು ಸಾ. ಮನೇಲೂ ಅದೇ ಮಾತು, ಶಾಲೇಲೂ ಅದೇ ಮಾತು, ಎಲ್ರೂ ಕೇಳೋರೇ. ಬಸ್ಸಲ್ಲಿ ಮಾತ್ರ ನೀವು ಏನೂ ಕೇಳ್ತಿರ್ನಿಲ್ಲ. ಅಷ್ಟೊತ್ತು ನಾನು ಅದ್ನ ಮರ್ತು ಕೂತಿರ್ತಿದ್ದೆ. ಈವಮ್ಮ ಮನೇಗ್ ಬಂದ್ ಮ್ಯಾಲೆ ನಿಮ್ ಎಮ್ಮೆ ಕತೆ ಯೋಳಿ ನಗುಸ್ದೆ. ಹೊಲಿಗೆ ನೋಯ್ತದೆ, ನಗಿಸ್ಬ್ಯಾಡಿ ಅಂತ ಬಯ್ಯೋಳು."

ಆಕೆ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಈಗಲೂ ನಗುತ್ತಿದ್ದರು. ಇದನ್ನು ಹೊಗಳಿಕೆ ಎಂದುಕೊಳ್ಳಬೇಕೋ ಬೇರೇನೆಂದುಕೊಳ್ಳಬೇಕೋ ನನಗೆ ಇವತ್ತಿಗೂ ಬಗೆಹರಿದಿಲ್ಲ. ನಾನು, "ಇವತ್ತು ನೀವು ಹೇಳಿ, ನಾನು ಕೇಳ್ತೀನಿ" ಎಂದೆ. ಅವರು ಸಂಕೋಚದಿಂದಲೇ ಶುರುಮಾಡಿದರು. ಹುಡುಗನಾಗಿದ್ದಾಗ ಅಪ್ಪನ ಜೊತೆ ಬೆಟ್ಟದ ಕಾಡಿನಲ್ಲಿ ಜೇನು ಬಿಡಿಸಲು ಹೋಗುತ್ತಿದ್ದದ್ದು, ಒಮ್ಮೆ ಕರಡಿಯೂ ಅವರೂ ಒಂದೇ ಮರದ ಕೆಳಗೆ ಸಿಕ್ಕಿಬಿದ್ದದ್ದು, ಆ ಕರಡಿಯೇ ಮೊದಲು ಓಡಿದ್ದು. "ನಮ್ಮ ಅಗರದಲ್ಲೂ ಒಂದ್ಸಲ..." ಎಂದು ಎರಡು ಬಾರಿ ನನ್ನ ಬಾಯಿಗೆ ಬಂತು. ಎರಡು ಬಾರಿಯೂ ನೀರು ಕುಡಿದೆ. ಹೊರಡುವ ಹೊತ್ತಿಗೆ ಚೊಂಬು ಖಾಲಿಯಾಗಿತ್ತು.

ಮನೆಗೆ ಬಂದು ಕರಡಿಯ ವಿಷಯವನ್ನು ಹೆಂಡತಿಗೆ ಹೇಳಿದೆ. ಹಾಲು ಉಕ್ಕಿ ಒಲೆಯ ಮೇಲೆ ಹರಿಯಿತು. ಅವಳು ಏಳಲಿಲ್ಲ. ಮಗಳು ಪುಸ್ತಕ ಮುಚ್ಚಿ ಬಂದು ಕೂತಳು. ಇಷ್ಟು ವರ್ಷದಲ್ಲಿ ನನ್ನ ಮಾತನ್ನು ಇವರಿಬ್ಬರೂ ಕೊನೆಯವರೆಗೆ ಕೇಳಿದ್ದು ಅದೇ ಮೊದಲು. ಆಮೇಲೆ ಪ್ರತಿ ಭಾನುವಾರ ಮಧುವನಹಳ್ಳಿಗೆ ಹೋಗುವುದು, ಬಂದು ಮನೆಯಲ್ಲಿ ಹೇಳುವುದು ರೂಢಿಯಾಯಿತು. ಹವ್ಯಾಸ ಎಂದರೆ ಇದೇ ಇರಬೇಕು ಎಂದುಕೊಂಡು ನಾನು ಸುಖವಾಗಿದ್ದೆ.

ನಾಲ್ಕನೇ ಭಾನುವಾರ ನಾನು ಚಪ್ಪಲಿ ಹಾಕಿಕೊಳ್ಳುವಾಗ ಹೆಂಡತಿ ಮಗಳು ಇಬ್ಬರೂ ಸೀರೆ ಚೂಡಿದಾರ ಉಟ್ಟುತೊಟ್ಟು ಸಿದ್ಧರಾಗಿ ನಿಂತಿದ್ದರು. ಎಲ್ಲಿಗೆ ಎಂದೆ.

"ನಾವೂ ಬರ್ತೀವಿ" ಎಂದಳು ಹೆಂಡತಿ. "ನೀವು ಹೇಳುವಾಗ ನಡುವೆ ನಿಮ್ಮದನ್ನೇ ಸೇರಿಸ್ತೀರಿ. ಅವರ ಬಾಯಿಂದಲೇ ಕೇಳಿದ್ರೆ ಚೆನ್ನ."

ಈಗ ಭಾನುವಾರಗಳಲ್ಲಿ ಸಿದ್ದರಾಜು ಅವರ ಜಗುಲಿಯ ಮೇಲೆ ಜಾಗ ಸಾಲುವುದಿಲ್ಲ. ನನ್ನ ಹೆಂಡತಿ ಮಗಳು ಎದುರಿಗೆ, ಬೆಂಚಿನ ಮೂವರು ಪಕ್ಕಕ್ಕೆ. ನಾನು ಮೆಟ್ಟಿಲ ಮೇಲೆ ಕೂತು ಅವರೆಕಾಳು ಆರಿಸುತ್ತೇನೆ. ಚೆನ್ನಾಗಿ ಆರಿಸುತ್ತೇನೆಂದು ಸಿದ್ದರಾಜು ಅವರ ಹೆಂಡತಿ ಒಮ್ಮೆ ಹೇಳಿದರು. ಈ ಕೆಲಸ ನಾನು ಯಾರಿಂದ ಕಲಿತೆ ಎಂದು ಅವರಿಗೆ ಹೇಳತೊಡಗಿದೆ. ಅಷ್ಟರಲ್ಲಿ ಅವರಿಗೆ ಒಲೆಯ ಮೇಲಿನ ಸಾರು ನೆನಪಾಯಿತು.