ಭಾವನ ಮೂರು ಸೈಕಲ್, ಒಂದು ಮೀಟರ್

ನಮ್ಮ ಭಾವನನ್ನು ರಸ್ತೆಯಲ್ಲಿ ತಡೆದು "ಎಲ್ಲಿಗ್ ಹೋಯ್ ಬಂದ್ರಿ?" ಎಂದು ಕೇಳುವ ತಪ್ಪನ್ನು ನೀವು ಯಾವತ್ತೂ ಮಾಡಬೇಡಿ. ಬೇರೆಯವರಾದರೆ ಕುಂದಾಪುರಕ್ಕೆ ಎನ್ನುತ್ತಾರೆ, ಬೈಂದೂರಿಗೆ ಎನ್ನುತ್ತಾರೆ. ನಮ್ಮ ಭಾವ "ಹದಿನೇಳ್ ಪಾಯಿಂಟ್ ಮೂರ್" ಎನ್ನುತ್ತಾರೆ! ಈ ಹೆಸರಿನ ಊರು ಉಡುಪಿ ಜಿಲ್ಲೆಯಲ್ಲಿ ಎಲ್ಲಿದೆ ಎಂದು ನೀವು ತಲೆ ಕೆರೆದುಕೊಳ್ಳುವಷ್ಟರಲ್ಲಿ ಅವರು ಪಾಯಿಂಟ್ ನಾಲ್ಕಾಯಿತೆಂದು ಮುಂದೆ ಹೋಗಿ ಆಗಿರುತ್ತದೆ.

ಭಾವ ಎಂದರೆ ನನ್ನ ಅಕ್ಕನ ಗಂಡ; ಅವರೂ ನನ್ನನ್ನು ಭಾವ ಎಂದೇ ಕರೆಯುತ್ತಾರೆ. ಮನೆ ಬೀಜಾಡಿಯಲ್ಲಿ, ದರ್ಜಿ ಅಂಗಡಿ ಕೋಟೇಶ್ವರದಲ್ಲಿ. ಕುತ್ತಿಗೆಯಲ್ಲಿ ಅಳತೆಯ ಟೇಪು ಯಾವಾಗಲೂ ಇರಬೇಕು; ಮದುವೆಯೂಟಕ್ಕೂ ಅದನ್ನು ಹಾಕಿಕೊಂಡೇ ಬರುತ್ತಾರೆ. ನಾನು ಮೇಷ್ಟ್ರು, ನಾಲ್ಕು ಜನ ನಮಸ್ಕಾರ ಹೇಳುವ ಮನುಷ್ಯ. ಭಾವ ಮಾತ್ರ ನನ್ನನ್ನು ಕಂಡ ಕೂಡಲೇ ಸೊಂಟ ನೋಡಿ, ಪಂಕ್ತಿಯಲ್ಲಿದ್ದವರಿಗೆಲ್ಲ ಕೇಳುವಂತೆ "ಎರಡ್ ಇಂಚ್ ಏರಿತಲೆ ಭಾವ!" ಎನ್ನುತ್ತಾರೆ. ಇಂಥವರಿಗೆ ಅಕ್ಕನನ್ನು ಕೊಟ್ಟ ಮೇಲೆ ಸಿಟ್ಟು ಮಾಡಿಕೊಳ್ಳಲು ಬರುತ್ತದೆಯೇ?

ಎಲ್ಲರ ಅಳತೆ ತೆಗೆಯುವ ಈ ಮನುಷ್ಯನಿಗೆ ತನ್ನದೇ ಒಂದು ಅಳತೆಯ ಚಿಂತೆಯಿತ್ತು. ಇವರ ಮೂವರು ಅಣ್ಣಂದಿರೂ ಮೀಸೆ ಮೂಡುವ ಮೊದಲೇ ಬೊಂಬಾಯಿಗೆ ಹೋಗಿ ಹೋಟೆಲು ಸೇರಿದವರು. ಪ್ರತಿ ವರ್ಷ ಚೌತಿಗೆ ಊರಿಗೆ ಬಂದು, ಜಗಲಿಯಲ್ಲಿ ಕುಳಿತು, ಪುಣೆ ಕಂಡದ್ದು, ನಾಸಿಕ ಕಂಡದ್ದು, ಲೋಕಲ್ ಟ್ರೇನಿನಲ್ಲಿ ನೇತಾಡಿದ್ದು ಎಲ್ಲ ಹೇಳಿ, ಕೊನೆಗೆ ದೊಡ್ಡಣ್ಣ ತಪ್ಪದೆ ಒಂದು ಮಾತು ಕೇಳುತ್ತಿದ್ದರು: "ನೀನ್ ಬೀಜಾಡಿ ಬಿಟ್ಟ್ ಎಲ್ಲಿಗ್ ಹೋಯ್ದೆ ಮಾರಾಯ?" ಎಲ್ಲರೂ ನಗುತ್ತಿದ್ದರು. ಭಾವನೂ ನಗುತ್ತಿದ್ದರು, ಆದರೆ ಆಮೇಲೆ ಎರಡು ದಿನ ಹೊಲಿದ ರವಿಕೆಗಳೆಲ್ಲ ಬಿಗಿಯಾಗುತ್ತಿದ್ದವಂತೆ.

ಕುಳಿತು ಕುಳಿತು ಭಾವನಿಗೆ ಹೊಟ್ಟೆ ಬಂತು, ಹೊಟ್ಟೆಯ ಬೆನ್ನಿಗೇ ಸಕ್ಕರೆ ಕಾಯಿಲೆಯೂ ಬಂತು. ಡಾಕ್ಟರು ಸೈಕಲ್ ತುಳಿಯಲು ಹೇಳಿದರು. ಸುದ್ದಿ ತಿಳಿದ ದೊಡ್ಡಣ್ಣ ಫೋನ್ ಮಾಡಿ, "ಸೈಕಲ್ಲಿಗ್ ಹಾಕುವ ಕಂಪ್ಯೂಟರ್ ಕಳ್ಸಿದೆ" ಎಂದರು. ಇದು 2006ರ ಸುಮಾರಿನ ಮಾತು. ಕಂಪ್ಯೂಟರ್ ಬರುತ್ತದೆ ಎಂದು ಬೀಜಾಡಿಯಲ್ಲಿ ಡಂಗುರವೇ ಆಯಿತು! ನೆರೆಮನೆಯ ಅಮ್ಮ ಮೊಮ್ಮಕ್ಕಳನ್ನು ಕಟ್ಟಿಕೊಂಡು ನೋಡಲು ಬಂದರು. ಪೊಟ್ಟಣ ಬಿಚ್ಚಿದರೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಮೀಟರ್, ಒಂದು ತಂತಿ, ಚಕ್ರದ ಕಡ್ಡಿಗೆ ಸಿಕ್ಕಿಸುವ ಒಂದು ಅಯಸ್ಕಾಂತದ ಬಿಲ್ಲೆ. ಆ ಅಮ್ಮ ಪೊಟ್ಟಣವನ್ನು ತಲೆಕೆಳಗೆ ಮಾಡಿ ಕೊಡವಿ, "ಇದ್ರ ಟೀವಿ ಎಲ್ಲಿತ್ತ್?" ಎಂದು ಕೇಳಿದರು.

ಚಕ್ರ ಒಂದು ಸುತ್ತು ತಿರುಗಿದರೆ ಎಷ್ಟು ದೂರ ಹೋಗುತ್ತದೆ ಎಂದು ಮಿಲಿಮೀಟರ್ ಲೆಕ್ಕದಲ್ಲಿ ಮೊದಲು ಮೀಟರಿಗೆ ಹೇಳಿಕೊಡಬೇಕು. ಅದು ಸುತ್ತು ಎಣಿಸಿ ದೂರ ಹೇಳುತ್ತದೆ. ಅಳತೆ ಎಂದ ಮೇಲೆ ಭಾವ ಬಿಡುತ್ತಾರೆಯೇ? ಅಕ್ಕನ ಕುಂಕುಮ ಕಲಸಿ ಟೈರಿಗೆ ಒಂದು ಬೊಟ್ಟು ಇಟ್ಟರು. ಜಗಲಿಯ ಈ ತುದಿಯಿಂದ ಸೈಕಲ್ ಉರುಳಿಸಿದರೆ ನೆಲದ ಮೇಲೆ ಎರಡು ಬೊಟ್ಟು ಬೀಳುತ್ತದೆ, ಅವುಗಳ ನಡುವಿನ ದೂರವೇ ಅಳತೆ. ಆದರೆ ಸೈಕಲ್ ಮೇಲೆ ಜನ ಕುಳಿತರೆ ಟೈರು ಅದುಮುತ್ತದಲ್ಲ! ಹಾಗಾಗಿ ನನ್ನನ್ನು ಹತ್ತಿಸಿ ದೂಡಿದರು. ಮೊಣಕಾಲೂರಿ, ಟೇಪು ಹಿಡಿದು, ಕನ್ನಡಕ ಮೇಲೆತ್ತಿ ಭಾವ ಬಹಳ ಹೊತ್ತು ನೋಡಿದರು.

"ಆರ್ ಮಿಲಿಮೀಟರ್ ಕಮ್ಮಿ ಬತ್ತ್. ನಿಮ್ಗ್ ಊಟ ಆಯ್ತಾ ಭಾವ?"

"ಆಯ್ತ್. ಅಕ್ಕ ಬಂಗ್ಡಿ ಮೀನ್ ಸಾರ್ ಮಾಡಿತ್."

"ಹಾಂಗಾರೆ ಇದ್ ಲೆಕ್ಕಕ್ಕಿಲ್ಲ. ನಾಳೆ ಉಣ್ದೆ ಬನ್ನಿ!"

ಜಗಲಿ ತುಂಬ ಕೆಂಪು ಚುಕ್ಕೆ ನೋಡಿ ಅಕ್ಕ, "ನಿಮ್ಗೆಂತ ಮರ್ಲಾ? ಕುಂಕುಮ ಪೂರಾ ಟೈರಿಗ್ ಇಟ್ರೆ ನನ್ ಹಣಿಗ್ ಎಂತ ಇಡುದ್?" ಎಂದು ಒಳಗಿನಿಂದಲೇ ಬೈದಳು. ಹೊರಗೆ ಬರಲು ಅವಳಿಗೆ ಪುರುಸೊತ್ತಿಲ್ಲ, ಶಾಲೆಯ ಯೂನಿಫಾರ್ಮಿನ ಸಮಯ. ಭಾವ ಅಂಗಡಿಯಲ್ಲಿ ಕತ್ತರಿಸಿದ ಬಟ್ಟೆಯಲ್ಲಿ ಅರ್ಧಕ್ಕರ್ಧ ಮನೆಗೆ ಬಂದು ಅಕ್ಕನ ಮಷಿನ್ನಿನಲ್ಲೇ ಹೊಲಿಗೆ ಕಾಣುತ್ತದೆ.

ಮನೆಯಲ್ಲಿ ಸೈಕಲ್ ಮೂರು. ಒಂದು ಭಾವನ ಕರಿ ಸೈಕಲ್, ಒಂದು ಅವರ ಅಪ್ಪನ ಕಾಲದ ಹಳೆಯ ಸೈಕಲ್, ಮತ್ತೊಂದು ಮಗಳ ಗುಲಾಬಿ ಬಣ್ಣದ ಸಣ್ಣ ಸೈಕಲ್. ಮಗಳು ಉದ್ದವಾಗಿ ಬಸ್ಸಿನಲ್ಲಿ ಕಾಲೇಜಿಗೆ ಹೋಗತೊಡಗಿದ ಮೇಲೆ ಅದನ್ನು ಕೇಳುವವರಿರಲಿಲ್ಲ. ಒಂದನ್ನೇ ತುಳಿದರೆ ಉಳಿದೆರಡಕ್ಕೆ ಬೇಸರವಾಗುತ್ತದೆ ಎಂಬುದು ಭಾವನ ಸಿದ್ಧಾಂತ. ಅಣ್ಣನಿಂದ ಇನ್ನೆರಡು ಜೊತೆ ತಂತಿ, ಅಯಸ್ಕಾಂತ ತರಿಸಿ ಮೂರಕ್ಕೂ ಕಟ್ಟಿದರು. ಮೀಟರ್ ಮಾತ್ರ ಒಂದೇ. ಇವತ್ತು ಇದರ ಮೇಲೆ, ನಾಳೆ ಅದರ ಮೇಲೆ. ಪ್ರತಿ ಸಲ ಆಯಾ ಚಕ್ರದ ಅಳತೆಯ ನಂಬರ್ ಒತ್ತಬೇಕು. ಸೆಲ್ ತೆಗೆದರೆ ಎಲ್ಲ ಸೊನ್ನೆಯಾಗುವ ಮೀಟರ್ ಅದು, ಹಾಗಾಗಿ ದಿನವೂ ಡೈರಿಯಲ್ಲಿ ಮೂರು ಸೈಕಲ್ಲಿಗೆ ಮೂರು ಸಾಲು. ಕೆಳಗೆ ದೊಡ್ಡದಾಗಿ ಒಟ್ಟು ಮೊತ್ತ.

ಆ ಒಟ್ಟು ಮೊತ್ತ ಹತ್ತು ಸಾವಿರ ಆಗಬೇಕು! ಅದೇ ಭಾವನ ಹಠ. ಹತ್ತು ಸಾವಿರ ಕಿಲೋಮೀಟರ್ ಎಂದರೆ ಬೊಂಬಾಯಿಗೆ ಐದು ಸಲ ಹೋಗಿ ಬಂದು ಮತ್ತೂ ಸ್ವಲ್ಪ ಮಿಕ್ಕುತ್ತದೆ. ಚೌತಿಗೆ ಅಣ್ಣಂದಿರು ಬಂದು ಆ ಹಳೆಯ ಮಾತು ಕೇಳಿದಾಗ ಡೈರಿಯನ್ನು ಅವರ ಮುಂದೆ ಬಿಚ್ಚಿ ಇಡಬೇಕು. "ಹಿತ್ಲಲ್ಲ್ ಸ್ಟ್ಯಾಂಡ್ ಹಾಕಿ ಚಕ್ರ ತಿರ್ಗ್ಸಿ ಭಾವ, ಒಂದ್ ವಾರಕ್ಕೆ ಆತ್ತ್" ಎಂದು ನಾನು ದಾರಿ ತೋರಿಸಿದೆ. ಅವರು ನನ್ನೊಡನೆ ನಾಲ್ಕು ದಿನ ಮಾತು ಬಿಟ್ಟರು.

ಗುಲಾಬಿ ಸೈಕಲ್ಲಿನ ಸರದಿ ಬಂದ ದಿನ ಭಾವನನ್ನು ನೋಡಲು ಹೈವೇಯಲ್ಲಿ ಲಾರಿಯವರು ನಿಧಾನ ಮಾಡುತ್ತಿದ್ದರು. ಆರಡಿ ಆಳು, ಮೊಣಕಾಲು ಏರಿದಾಗ ಕಿವಿ, ಇಳಿದಾಗ ಡಾಂಬರು! ಹಾಗೆ ಬೈಂದೂರು ದಾರಿಯ ನಾವುಂದದವರೆಗೆ ಹೋಗಿ ಬಂದವರೇ, ಕೆಂಡವಾಗಿ, ರಸ್ತೆ ಕಚೇರಿಗೆ ಒಂದು ಅರ್ಜಿ ಬರೆದು ಕಾಗುಣಿತ ತಿದ್ದಲು ನನಗೆ ಕೊಟ್ಟರು. ಮೈಲಿಗಲ್ಲಿನಿಂದ ಮೈಲಿಗಲ್ಲಿಗೆ ಒಂದು ಕಿಲೋಮೀಟರ್ ಇರಬೇಕಾದಲ್ಲಿ ನೂರೆಪ್ಪತ್ತು ಮೀಟರ್ ಹೆಚ್ಚಿಗೆ ಇದೆ, ಇಷ್ಟು ವರ್ಷ ನಾವೆಲ್ಲ ಬಿಟ್ಟಿ ತುಳಿದದ್ದಕ್ಕೆ ಯಾರು ಹೊಣೆ ಎಂಬುದು ಅದರ ಸಾರಾಂಶ. ನಾನು ಪೆನ್ನು ತೆಗೆದಿದ್ದೆನಷ್ಟೆ. ಅಕ್ಕ ಮಷಿನ್ನಿನಿಂದ ತಲೆ ಎತ್ತದೆ ಕೇಳಿದಳು:

"ಮಗಳ್ ಸೈಕಲ್ಲಿನ ಚಕ್ರ ಸಣ್ಣದಲ್ದಾ? ಅದ್ರ ನಂಬ್ರ ಒತ್ತಿದ್ರ್ಯಾ, ಕರಿ ಸೈಕಲ್ಲಿಂದೇ ಇತ್ತಾ?"

ಭಾವ ಅರ್ಜಿಯನ್ನು ನನ್ನ ಕೈಯಿಂದ ಮೆಲ್ಲನೆ ಎಳೆದುಕೊಂಡರು. ಮುಂದಿನ ಭಾನುವಾರ ನಾವುಂದದ ಆ ಕಲ್ಲಿನ ಮುಂದೆ ನಿಂತು, ಆಚೆ ಈಚೆ ನೋಡಿ, ಕೈ ಮುಗಿದು, "ತಪ್ಪಾಯ್ತ್ ಮಾರಾಯ" ಎಂದರು. ಸ್ಕೂಟರಿನಲ್ಲಿ ಅವರ ಹಿಂದೆಯೇ ಬಂದಿದ್ದ ನಾನೇ ಸಾಕ್ಷಿ. ದೂರದಿಂದ ಇನ್ನೂ ಯಾರೋ ನೋಡಿರಬೇಕು. ಮುಂದಿನ ವಾರ ಹೋದರೆ ಆ ಕಲ್ಲಿನ ತಲೆಯ ಮೇಲೆ ಯಾರೋ ಎರಡು ದಾಸವಾಳ ಇಟ್ಟಿದ್ದರು!

ಇನ್ನೊಮ್ಮೆ ಒಂದೇ ದಿನದಲ್ಲಿ ನೂರು ಕಿಲೋಮೀಟರ್ ತುಳಿಯುವ ಹುಕಿ ಬಂತು. ಬೆಳಕು ಹರಿಯುವಾಗ ಹೊರಟು, ಬೈಂದೂರು ಮುಟ್ಟಿ ತಿರುಗಿ, ಮನೆ ದಾಟಿ ಬ್ರಹ್ಮಾವರಕ್ಕೆ ಬಂದರು. ಕೊಕ್ಕರ್ಣೆಯ ಕಡೆಗೆ ಸ್ವಲ್ಪ ದೂರ ಹೋಗಿ, ಸಂಜೆ ಬ್ರಹ್ಮಾವರದ ಬಸ್‌ಸ್ಟ್ಯಾಂಡಿಗೆ ವಾಪಸ್ಸು. ಅಲ್ಲೇ ಹತ್ತಿರ ನೆಂಟರ ಮನೆಯಲ್ಲಿ ಉಳಿಯುವುದೆಂದು ಮಾತು, ನಾನು ಕಾಯುತ್ತಿದ್ದೆ. ಮೀಟರ್ ನೋಡಿದರೆ ತೊಂಬತ್ತೊಂಬತ್ತು ಪಾಯಿಂಟ್ ಆರು! ಭಾವ ಇಳಿಯಲೇ ಇಲ್ಲ. ಬಸ್‌ಸ್ಟ್ಯಾಂಡಿಗೆ ಸುತ್ತು ಹಾಕತೊಡಗಿದರು. ತಲೆ ತಗ್ಗಿಸಿ ಮೀಟರನ್ನೇ ನೋಡುತ್ತಾ ಮೂರನೇ ಸಲ ಸುತ್ತು ಬಂದ ಈ ಟೇಪಿನ ಮನುಷ್ಯನನ್ನು ಕಂಡು ಮೀನು ಮಾರುವ ಹೆಂಗಸಿಗೆ ಕನಿಕರವಾಯಿತು.

"ಹ್ವಾಯ್, ಎಂತ ಕಳ್ಕಂಡ್ರಿ?"

"ನಾಲ್ನೂರ್ ಮೀಟರ್!"

"ಅಯ್ಯೋ ದೇವ್ರೇ! ಅಷ್ಟ್ ಬಟ್ಟಿ ಕಳ್ಕಂಡ್ ಮನಿಗ್ ಹ್ಯಾಂಗ್ ಹೋತ್ರಿ?"

ಹೀಗೆ ಮೂರು ವರ್ಷ. ಒಟ್ಟು ಮೊತ್ತ ಒಂಬತ್ತು ಸಾವಿರದ ಒಂಬೈನೂರ ನಲವತ್ತಕ್ಕೆ ಬಂದು ನಿಂತಿತು. ಚೌತಿಗೆ ಹತ್ತೇ ದಿನ, ಬೇಕಾದದ್ದು ಅರವತ್ತು ಕಿಲೋಮೀಟರ್. ಅಣ್ಣಂದಿರ ಬಸ್ ಟಿಕೆಟ್ ಆಗಿತ್ತು. ಭಾವ ಅಕ್ಕನಿಗೂ ಬುದ್ಧಿ ಹೇಳುವಷ್ಟು ಎತ್ತರಕ್ಕೇರಿದ್ದರು: "ನೀನ್ ಕಾಣ್, ಈ ಕೋಣೆ ಬಿಟ್ಟ್ ಹೊರ್ಗ್ ಬಂದವ್ಳೇ ಅಲ್ಲ. ಮನ್ಷ್ಯ ಅಂದ್ಮೇಲೆ ನಾಲ್ಕ್ ಊರ್ ಕಾಣ್ಕ್." ನಾನೂ ಹೌದೆಂದು ತಲೆಯಾಡಿಸಿದೆ. ತವರಿಗೆ ಎರಡು ದಿನ ಬಾ ಎಂದರೆ "ಲಂಗ ಹೊಲಿಯುಕಿತ್ತ್" ಎನ್ನುವ ಅಕ್ಕನ ಮೇಲೆ ನನಗೂ ಒಂದಿಷ್ಟು ಸಿಟ್ಟಿತ್ತು.

ಒಂಬತ್ತು ಸಾವಿರದ ಒಂಬೈನೂರ ನಲವತ್ತೊಂದನೆಯ ಕಿಲೋಮೀಟರ್ ತುಂಬುವುದನ್ನು ಕಣ್ಣಾರೆ ನೋಡಬೇಕೆಂದು ಮೀಟರಿನ ಮೇಲೆ ಕಣ್ಣಿಟ್ಟು ತುಳಿದ ಭಾವ, ಕಡಲ ದಡದ ದಾರಿಯಲ್ಲಿ ಒಣಗಲು ಹಾಕಿದ್ದ ಬಲೆಯೊಳಗೆ ಸೈಕಲ್ ಸಮೇತ ಬಿದ್ದರು. ಬಲೆಯವರು ಓಡಿ ಬಂದು ಬಿಡಿಸಿದರು. "ಬಂಗ್ಡಿಯೂ ಸಿಕ್ದಿದ್ ದಿನ ಇಷ್ಟ್ ದೊಡ್ಡ್ ಮೀನ್ ಬಿತ್ತಲೆ!" ಎಂದು ಅವರಲ್ಲೊಬ್ಬ ನಕ್ಕನಂತೆ. ಪಾದದ ಗಂಟು ಊದಿ ಕುಂಬಳಕಾಯಿ. ಮೂರು ವಾರ ಕಾಲು ಊರುವಂತಿಲ್ಲ ಎಂದರು ಡಾಕ್ಟರು. ಭಾವ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಆಗ ಮಾತ್ರ ನಾನು ತಮಾಷೆ ಮಾಡಲಿಲ್ಲ.

ಎರಡನೇ ದಿನಕ್ಕೆ ಅವರಿಗೆ ತಡೆಯಲಾಗಲಿಲ್ಲ. ಕಣ್ಣೆದುರು ಏನಾದರೂ ತಿರುಗುತ್ತಿರಬೇಕು, ಅಂಕೆ ಏರುತ್ತಿರಬೇಕು! ಮಂಚದ ಪಕ್ಕದಲ್ಲೇ ಅಕ್ಕನ ಹೊಲಿಗೆ ಮಷಿನ್ನು. ಗುಲಾಬಿ ಸೈಕಲ್ಲಿನ ತಂತಿ, ಅಯಸ್ಕಾಂತ ಬಿಚ್ಚಿಸಿ ತರಿಸಿ, ಮಷಿನ್ನಿನ ಕೆಳಗಿನ ದೊಡ್ಡ ಚಕ್ರಕ್ಕೆ ನನ್ನಿಂದಲೇ ಕಟ್ಟಿಸಿದರು. ಟೇಪಿನಿಂದ ಸುತ್ತಳತೆ ತೆಗೆದು ನಂಬರ್ ಒತ್ತಿದರು. "ನಿಮ್ ಆಟಕ್ಕೆ ನನ್ ಮಷಿನ್ನೂ ಬೇಕಾಯ್ತಾ?" ಎಂದು ಅಕ್ಕ ನಕ್ಕು ತುಳಿಯುತ್ತಾ ಹೋದಳು. ಮೊದಲ ದಿನ ಭಾರಿ ಗಮ್ಮತ್ತು. "ಈ ರವಿಕೆ ಕೋಟೇಶ್ವರ ಮುಟ್ಟಿತ್! ಈ ಲಂಗ ಕುಂದಾಪ್ರ ದಾಟಿತ್!" ಎಂದು ಭಾವ ಮಲಗಿದಲ್ಲೇ ಕೂಗುತ್ತಿದ್ದರು.

ಮೂರನೇ ದಿನ ಕೂಗು ನಿಂತಿತು. ಆರನೇ ದಿನ ನಾನು ಹೋದಾಗ ಡೈರಿ ಎದೆಯ ಮೇಲೆ ಮಗುಚಿಕೊಂಡು ಮಾಡಿನ ಹಂಚು ನೋಡುತ್ತಿದ್ದರು. "ಆರ್ ದಿನಕ್ಕೆ ತೊಂಬತ್ತೆರ್ಡ್ ಕಿಲೋಮೀಟರ್ ಭಾವ" ಎಂದರು. "ನಾನ್ ಕಾಲ್ ಸಮ ಇದ್ದಾಗ್ಳೂ ದಿನಾ ಅಷ್ಟ್ ತುಳಿಲಿಲ್ಲ."

ಡೈರಿ ನೋಡಿದೆ. ದಿನಕ್ಕೆ ಹದಿನೈದು, ವರ್ಷಕ್ಕೆ ಮುನ್ನೂರು ದಿನ, ಮದುವೆಯಾಗಿ ಇಪ್ಪತ್ತು ವರ್ಷ. ಹಬ್ಬ, ಜ್ವರ, ಬಾಣಂತನ ಎಲ್ಲ ಪ್ರಾಮಾಣಿಕವಾಗಿ ಕಳೆದಿದ್ದರು. ಕೆಳಗೆ ಎಂಬತ್ತು ಸಾವಿರ ಎಂದಿತ್ತು. ಬೊಂಬಾಯಿಗೆ ನಲವತ್ತೆರಡು ಸಲ ಹೋಗಿ ಬಂದಷ್ಟು! ಅಂಗಡಿಯ ಎರಡೂ ಮಷಿನ್ನಿಗೆ ಮೋಟಾರು ಬಂದು ಎಷ್ಟೋ ವರ್ಷವಾಗಿತ್ತು. ಮನೆಯ ಮಷಿನ್ನಿಗೆ ಬೇಕೆಂದು ಭಾವನಿಗೂ ಹೊಳೆಯಲಿಲ್ಲ, ಅಕ್ಕನೂ ಕೇಳಲಿಲ್ಲ. ನನಗಾದರೂ ಹೊಳೆಯಿತೇ? ನನ್ನ ಪ್ಯಾಂಟುಗಳ ಕಾಲು ಮಡಚಿ ಹೊಲಿದವಳು ಅವಳೇ. ರಾಯರ ಹಾಗೆ ಕುಳಿತು ಅವಳ ಕೈಯ ಚಹಾ ಕುಡಿದು, ಎಲ್ಲಿಗೂ ಬರುವುದಿಲ್ಲ ಎಂದು ಅವಳಿಗೇ ಹೇಳಿ ಬರುತ್ತಿದ್ದೆ. ನನಗೆ ಅವತ್ತು ನಿಜವಾಗಿಯೂ ನಾಚಿಕೆಯಾಯಿತು.

ಚೌತಿಗೆ ಅಣ್ಣಂದಿರು ಬಂದರು. ಕಡುಬು ತಿಂದು, ಜಗಲಿಯಲ್ಲಿ ಕುಳಿತು, ದೊಡ್ಡಣ್ಣ ಕೇಳಿಯೇಬಿಟ್ಟರು: "ಹತ್ತ್ ಸಾವ್ರ ಆತ್ತ್ ಅಂದ್ಕಂಡ್ ಫೋನಲ್ಲ್ ಹೇಳ್ತಿದ್ಯಲ, ಆಯ್ತಾ?" ಇನ್ನೂ ಅರವತ್ತು ಕಡಿಮೆಯಿದೆ ಎಂದು ನನಗೆ ಗೊತ್ತು. ಭಾವ ನಿಧಾನವಾಗಿ ಹೇಳಿದರು:

"ನಂದ್ ಆಯ್ಲಿಲ್ಲ ಅಣ್ಣ. ಆದ್ರೆ ನಮ್ ಮನಿಯಲ್ಲ್ ನಿಮ್ಮೆಲ್ಲರ್ಕಿಂತ ದೂರ ಹೋದವ್ರ್ ಒಬ್ರ್ ಇದ್ರ್. ಒಳ್ಗ್ ಪಾತ್ರೆ ತೊಳಿತಾ ಇದ್ರ್."

ಕಾಲು ಸರಿಯಾದ ಮೊದಲ ದಿನವೇ ಭಾವ ಕುಂದಾಪುರಕ್ಕೆ ಹೋಗಿ ಮೋಟಾರು ತಂದರು. ಮಷಿನ್ನಿಗೆ ಕೂರಿಸಿ, ಅಕ್ಕನನ್ನು ಕರೆದು, ಸ್ವಿಚ್ ಹಾಕಿ, ಕಾಲಲ್ಲಿ ಒತ್ತುವ ವೇಗದ ಬಟನ್ನನ್ನು ಕೈಯಲ್ಲಿ ಹಿಡಿದು ತಾವೇ ಒತ್ತಿದರು. "ಹೊಲಿ ಕಾಂಬ" ಎಂದರು. ಸೂಜಿ ಓಡಿತು, ಬಟ್ಟೆ ಓಡಿತು, ಅಕ್ಕ ಬೆರಗಾಗಿ ನಕ್ಕಳು. ಆದರೆ ಮೇಜಿನ ಕೆಳಗೆ ಅವಳ ಎರಡೂ ಪಾದಗಳು ಮೊದಲಿನಂತೆಯೇ ಮೇಲೆ ಕೆಳಗೆ ಆಡುತ್ತಲೇ ಇದ್ದವು. ಅವಳಿಗೆ ಅದು ಗೊತ್ತೇ ಇರಲಿಲ್ಲ.

ಭಾವ ಬಟನ್ ಬಿಟ್ಟು ನೆಲಕ್ಕೆ ಕುಳಿತರು. ಆ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲಿಸಿ ಹೇಳಿದರು:

"ಸಾಕ್ ಮಾರಾಯ್ತಿ. ಮುಟ್ಟಿ ಆಯ್ತ್."