ಕಾಂಪೌಂಡರ್ ಮಾವನ ಮನೋವಿಶ್ಲೇಷಣೆ

ನಮ್ಮ ಮಾವನ ಎದುರು ನೀವು ಕೆಮ್ಮಿ, ಸೀನಿ, ಬೇಕಾದರೆ ಗೊರಕೆಯನ್ನೂ ಹೊಡೆಯಿರಿ. ಆಕಳಿಸಬೇಡಿ ಮಾತ್ರ! ಆಕಳಿಸಿದಿರೋ, "ಏನು ಕನಸು ಬಿತ್ತು?" ಎಂದು ನೋಟ್ ಪುಸ್ತಕ ತೆಗೆದೇ ಬಿಡುತ್ತಾರೆ.

ಇವರೇನು ಡಾಕ್ಟರಲ್ಲ. ಚಿನ್ನದ ಗಣಿ ನಡೆಯುತ್ತಿದ್ದಾಗ ಊರಿಗಾಂನ ಒಂದು ಆಸ್ಪತ್ರೆಯಲ್ಲಿ ಕೆಮ್ಮಿನ ಔಷಧಿ ಬೆರೆಸಿ ಕೊಡುತ್ತಿದ್ದ ಕಾಂಪೌಂಡರ್. ಗಣಿ ಮುಚ್ಚಿದ ಮೇಲೆ ರದ್ದಿಗೆ ಹಾಕಿದ್ದ ರಾಶಿಯಿಂದ ರಟ್ಟು ಕಿತ್ತುಹೋದ ಒಂದು ಪುಸ್ತಕ ಎತ್ತಿಕೊಂಡು ಬಂದರು. ಮಹಾಯುದ್ಧದಲ್ಲಿ ಸೆರೆಸಿಕ್ಕ ಫ್ಯಾಸಿಸ್ಟ್ ಅಧಿಕಾರಿಗಳನ್ನು ಮನೋವೈದ್ಯರು ಎದುರಿಗೆ ಕೂರಿಸಿಕೊಂಡು, ಅವರ ಬಾಲ್ಯ, ಅಪ್ಪ, ಕನಸು ಎಲ್ಲವನ್ನೂ ಕೆದಕಿ, ಮನುಷ್ಯ ಹೀಗೇಕಾಗುತ್ತಾನೆ ಎಂದು ಹುಡುಕಿದ್ದು ಅದರಲ್ಲಿತ್ತಂತೆ. ಸಾಕಲ್ಲ! ಮಾವನಿಗೆ ಹುಚ್ಚು ಹಿಡಿಯಿತು.

"ಅಪ್ಪನ ಎದ್ರಿಕೇನ ಒಳಗೇ ಇಟ್ಕೊಂಡು ಬೆಳ್ದೋನು ಇನ್ನೊಬ್ಬ ದೊಡ್ಡ ಅಪ್ಪನ್ನ ಉಡುಕ್ತಾನೆ ಕಣ್ಲಾ," ಎಂದು ಒಮ್ಮೆ ನನಗೆ ವಿವರಿಸಿದರು. "ಆ ದೊಡ್ಡಪ್ಪ ಯಾರನ್ನ ತೋರುಸ್ತಾನೋ ಅವರನ್ನ ಒಡೀತಾನೆ!"

ನನ್ನ ಸ್ವಂತ ದೊಡ್ಡಪ್ಪ ಅಲ್ಲೇ ಕಾಫಿ ಕುಡಿಯುತ್ತಿದ್ದರು. ಲೋಟ ಕೆಳಗಿಟ್ಟು ಎದ್ದುಹೋದವರು ಆ ಮನೆಗೆ ಮತ್ತೆ ಕಾಲಿಟ್ಟಿಲ್ಲ!

ಮೊದಲ ರೋಗಿ ನಮ್ಮತ್ತೆ. "ಕನಸಲ್ಲಿ ನೀವು ಗ್ಯಾಸ್ ಬುಕ್ ಮಾಡಿದ್ರಿ," ಎಂದರು. ಮಾವ ಗಂಭೀರವಾಗಿ ಬರೆದುಕೊಂಡು, "ಆಮೇಲೆ?" ಎಂದರು. "ಆಮೇಲೇನು? ಎಚ್ಚರ ಆಯ್ತು. ನೋಡಿದ್ರೆ ಮಾಡಿರ್ಲಿಲ್ಲ!"

ಎರಡನೆಯವರು ಪಕ್ಕದ ಮನೆಯ ಮುದುಕರು. ಆಳದ ಗಣಿಯಲ್ಲಿ ದುಡಿದು ಎದೆಯ ತುಂಬ ದೂಳು ತುಂಬಿಕೊಂಡವರು. ಕನಸಿನ ಮಾತೆತ್ತಿದರೆ, "ಕನವಾ? ತೂಕ್ಕಮೇ ವರಲಯೇ ಸಾಮಿ!" ಎಂದು ನಕ್ಕರು. ನಿದ್ದೆಯೇ ಬಾರದವರಿಗೆ ಕನಸೆಲ್ಲಿಯದು? ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲೇ ಇಲ್ಲ. ಮಾವ ಪುಸ್ತಕ ಮಡಚಿಟ್ಟು ಅವರ ಬೆನ್ನು ನೀವುತ್ತ ಕೂತರು.

ಅಷ್ಟರಲ್ಲಿ ಗಡಿಯಲ್ಲಿ ಕದನ ಶುರುವಾಯಿತು. ಟಿವಿ ಇಟ್ಟಿದ್ದ ಟೀ ಅಂಗಡಿಯಲ್ಲಿ ಪ್ರತಿಯೊಬ್ಬನೂ ಸೇನಾಪತಿ! ಸೈಕಲ್ಲಿನ ಪಂಕ್ಚರ್ ಹಾಕಲು ಅರ್ಧ ದಿನ ತೆಗೆದುಕೊಳ್ಳುವವನೊಬ್ಬ ಶತ್ರುವಿನ ಊರುಗಳನ್ನು ಅರ್ಧ ಗಂಟೆಯಲ್ಲಿ ಬೂದಿ ಮಾಡುತ್ತಿದ್ದ.

ಮಾವ ಅವನ ಪಕ್ಕ ಕೂತು, "ನಿಮ್ಮಪ್ಪ ನಿಂಗೆ ಯಾವುದ್ರಲ್ಲಿ ಒಡೀತಿದ್ದ?" ಎಂದು ಮೆತ್ತಗೆ ಕೇಳಿದರು.

"ಬೆಲ್ಟಲ್ಲಿ," ಎಂದುಬಿಟ್ಟ ಅವನು. ಆಮೇಲೆ ತಲೆ ತಗ್ಗಿಸಿ, ಟೀ ಪೂರ್ತಿ ಕುಡಿಯದೆ ಎದ್ದುಹೋದ. ಅಂಗಡಿಯವನು ಕೈಮುಗಿದ: "ಸಾರ್, ನೀವಿಲ್ಲಿಗೆ ಬರ್‍ಬೇಡಿ. ಗಿರಾಕಿಗಳು ಅಳ್ತಾರೆ!"

ಆ ವಾರವೇ ಮಾವನ ಬಿಪಿ ಮಾತ್ರೆಗೆಂದು ಇಬ್ಬರೂ ಬಂಗಾರಪೇಟೆಗೆ ಹೋದೆವು. ಸ್ಟೇಷನ್ ರಸ್ತೆಯಲ್ಲಿ ಗುಂಪು. ಉತ್ತರದ ಕಡೆಯಿಂದ ಬಂದು ಕಂಬಳಿ ಮಾರುತ್ತಿದ್ದ ಒಬ್ಬನನ್ನು ಹದಿನೈದಿಪ್ಪತ್ತು ಜನ ಸುತ್ತುವರಿದಿದ್ದರು. ಅವನು ಗೂಢಚಾರನಂತೆ! ಕಂಬಳಿಗಳು ಚರಂಡಿಯಲ್ಲಿದ್ದವು. "ಜೈಕಾರ ಕೂಗು," ಎಂದು ಅವನ ಕತ್ತುಪಟ್ಟಿ ಹಿಡಿದಿದ್ದರು. ಅವನು ಕೂಗುತ್ತಲೇ ಇದ್ದ, ಇವರಿಗೆ ಸಾಲುತ್ತಿರಲಿಲ್ಲ.

ನಾನು ಔಷಧಿ ಅಂಗಡಿಯ ಮೆಟ್ಟಿಲ ಮೇಲಿದ್ದೆ. ತಿರುಗಿ ನೋಡುವಷ್ಟರಲ್ಲಿ ಮಾವ ಗುಂಪಿನೊಳಗಿದ್ದರು. ಕತ್ತುಪಟ್ಟಿ ಹಿಡಿದವನ ಮುಖಕ್ಕೆ ಮುಖವಿಟ್ಟು ಕೇಳಿದರು: "ಲೇ, ನಿಂಗೆ ಯಾರ್ ಕಂಡ್ರೆ ಎದ್ರಿಕೆ?"

ಅದೊಂದೇ ಪ್ರಶ್ನೆ. ಉತ್ತರವಾಗಿ ಕಪಾಳಕ್ಕೆ ಬಿತ್ತು. ಕನ್ನಡಕ ಹಾರಿತು. ಮಾವ ಕಂಬಳಿಗಳ ಮೇಲೇ ಬಿದ್ದರು. ವಯಸ್ಸಾದ ಮಾವನ ತುಟಿಯಲ್ಲಿ ರಕ್ತ ಕಂಡದ್ದೇ ಗುಂಪಿನ ಅಂಚು ಕರಗತೊಡಗಿತು. ಪೊಲೀಸರು ಬಂದು ಕಂಬಳಿಯವನನ್ನು ಆಟೋ ಹತ್ತಿಸಿಕೊಂಡು ಹೋದರು.

ಮಾವ ಎದ್ದರು. ಚರಂಡಿಯಿಂದ ಆರು ಕಂಬಳಿ ಎತ್ತಿ ನನ್ನ ಹೆಗಲಿಗೆ ಮೂರು, ತಮಗೆ ಮೂರು ಹೊರಿಸಿದರು. ಅವನಿದ್ದ ಲಾಡ್ಜ್ ಹುಡುಕಿಕೊಂಡು ಹೋಗುವಷ್ಟರಲ್ಲಿ, ಪೊಲೀಸರು ಬಿಟ್ಟುಕಳಿಸಿದ ಅವನು ಗಂಟುಮೂಟೆ ಕಟ್ಟಿ ರೈಲು ಹತ್ತಿಯಾಗಿತ್ತು.

ಮರುದಿನ ಬೆಳಿಗ್ಗೆ ಮಾವ ಅವನ್ನೆಲ್ಲ ನಲ್ಲಿಯ ಕೆಳಗೆ ಹಾಕಿಕೊಂಡು ಕೂತಿದ್ದರು. ಕೆನ್ನೆ ಊದಿತ್ತು.

"ಅವನು ಮತ್ತೆ ಬರ್ತಾನಾ ಮಾವ?"

"ಬಂದ್ರೆ? ಕೊಳಕು ಕಂಬಳಿ ಕೊಡಕಾಯ್ತದಾ?"

ನೆನೆದ ಕಂಬಳಿ ಹಿಂಡುವುದು ಒಬ್ಬರ ಕೆಲಸವಲ್ಲ. ಒಂದು ತುದಿ ಅವರು ಹಿಡಿದರು, ಒಂದು ತುದಿ ನಾನು. ಹಿಂಡುತ್ತ ಹಿಂಡುತ್ತ, ಅವರನ್ನು ನೋಡದೆ ಹೇಳಿದೆ: "ಮಾವ, ನಿನ್ನೆ ಆ ಗುಂಪಿನ ಜೊತೆ ನಾನೂ ಕೂಗಿದೆ. ಅವರಲ್ಲೊಬ್ಬ ನನ್ನ ಕಡೆ ನೋಡ್ದ. ಅಷ್ಟೇ, ಬಾಯಿಂದ ಬಂದ್ಬಿಡ್ತು. ಕಂಬಳಿಯವನ್ನ ಹಿಡ್ಕೊಂಡಿದ್ರಲ್ಲ, ಆವಾಗ."

ಈಗ ಕೇಳುತ್ತಾರೆ, ಅಪ್ಪನ ಬಗ್ಗೆ, ಬೆಲ್ಟಿನ ಬಗ್ಗೆ. ಕೇಳಲಿ ಎಂದೇ ಕಾದೆ.

"ಕೇಳುಸ್ತು," ಎಂದರು ಮಾವ. "ಎತ್ತಿ ಆಡ್ಸಿದೋನು ನಾನು. ಎಷ್ಟು ಜನದಾಗಿದ್ರೂ ನಿನ್ ಗಂಟ್ಲು ಗೊತ್ತಾಗಲ್ವೇನ್ಲಾ?"

ನನ್ನ ಕೈ ಸಡಿಲವಾಯಿತು. ಕಂಬಳಿ ಜಾರಿತು. ಮಾವ ಹತ್ತಿರ ಬಂದು ಆ ತುದಿಯನ್ನು ಎತ್ತಿ ಮತ್ತೆ ನನ್ನ ಕೈಗೆ ಕೊಟ್ಟರು.

"ನಿಂಗೂ ಎದ್ರಿಕೆ ಆಯ್ತು, ಮಗ. ಅಷ್ಟೇ. ಗಟ್ಟಿಯಾಗಿ ಇಡ್ಕೊ, ಇನ್ನೂ ಐದವೆ."